ಹೊಳೆವ್ವ ಗುರುತಿಸಿದ ಹಕ್ಕಿ

ಉಣಕಲ್ಲ ಕೆರೆಯ ದಂಡೆಯಲ್ಲಿ ನಮ್ಮ ಬಟ್ಟೆ ಒಗೆಯುತ್ತಿದ್ದ ಹೊಳೆವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಗೊಂದು ಗುರುತು ಮಾಡಿ, ಕೇರುಬೀಜದ ಕಪ್ಪಿನಿಂದ ಬಟ್ಟೆಯ ಮೂಲೆಗೆ ಹಾಕುತ್ತಿದ್ದಳು. ಮೂವತ್ತು ಮನೆಗಳ ಬಟ್ಟೆ ಎಂದೂ ಅದಲುಬದಲಾಗಿರಲಿಲ್ಲ.

೧೯೩೪ರ ಸಂಕ್ರಾಂತಿ ಕಳೆದ ಮೇಲೆ ನಮ್ಮ ಗಂಟಿನಲ್ಲಿ ಬೇರೆ ಗುರುತಿನ ಧೋತರ ಬಂತು. "ನಿನ್ನ ಕಣ್ಣು ಹೋಗ್ಯಾವ. ಹೋಳಿತನಾ ಒಗಿ, ಆಮ್ಯಾಲ ಬ್ಯಾಡ," ಎಂದು ನಮ್ಮವ್ವ ಗೌರಕ್ಕ ಬೈದಳು. ಹೊಳೆವ್ವ ತಲೆ ತಗ್ಗಿಸಿ ಕೇಳಿಕೊಂಡು ಹೋದಳು. ಅವ್ವ ಬಿಟ್ಟರೆ ಓಣಿಯೇ ಬಿಡುತ್ತದೆ. ಅವಳ ಅನ್ನವೇ ಹೋದಂತೆ. ನನಗೆ ಕೆಡುಕೆನಿಸಿದರೂ ಬಾಯಿ ಬಿಡಲಿಲ್ಲ. ಶಾಲೆಯ ಮಾಸ್ತರನಾದ ನಾನು ಮಕ್ಕಳ ಮುಂದಷ್ಟೇ ಹುಲಿ.

ಹೋಳಿಯ ಹಿಂದಿನ ವಾರ ಕೆರೆಯಲ್ಲಿ ನಾನೆಂದೂ ಕಾಣದ ಹಕ್ಕಿಯೊಂದು ಕಂಡಿತು. ಬಿಳಿ ಮೈ, ಬೂದು ರೆಕ್ಕೆ, ಕೆಂಪು ಕೊಕ್ಕು, ಎಲೆಯಡಿಕೆಯ ಕಾಚಿನಂಥ ಕಂದು ತಲೆ.

"ಇದ್ಯಾವ ಹೊಸಾ ಹಕ್ಕಿ ಹೊಳೆವ್ವಾ?"

"ಹೊಸಾದಲ್ರೀ ಮಾಸ್ತರ, ಸಂಕ್ರಾಂತಿಯಿಂದ ಇಲ್ಲೇ ಐತಿ. ಆವಾಗ ತಲಿ ಬೆಳ್ಳಗಿತ್ತು. ಕಿವಿ ಹಿಂದ ನಾ ಹಾಕೂ ಗುರುತಿನಂಥಾ ಒಂದು ಚುಕ್ಕಿ ಇತ್ತು. ಈಗೀಗ ತಲಿತುಂಬ ಬಣ್ಣ ಬಂದೈತಿ. ಕುಂಟೂದು ನೋಡ್ರಿ, ಅದ ಹಕ್ಕಿ."

ನಾನು ನಕ್ಕೆ. ಮನೆಗೆ ಬಂದು ಅದನ್ನೇ ಹೇಳಿದೆ, ಹೇಳಬಾರದಿತ್ತು.

"ನೋಡಿದಿಲ್ಲ? ಬಿಳೇದು ಕರೇದು ತಿಳೀವಲ್ತು ಆಕೀಗೆ!" ಅವ್ವನಿಗೆ ಇನ್ನು ಸಾಕ್ಷಿ ಬೇಡವಾಯಿತು.

ಮನಸ್ಸು ತಡೆಯಲಿಲ್ಲ. ಆ ರವಿವಾರ ಧಾರವಾಡಕ್ಕೆ ಹೋಗಿ, ಹಕ್ಕಿಗಳ ಪುಸ್ತಕವಿದ್ದ ಗೆಳೆಯ ಮಹಾಂತಯ್ಯನನ್ನು ಕಂಡೆ. ಚಿತ್ರ ಸಿಕ್ಕಿತು. ಅದು ಕಡಲ ಹಕ್ಕಿ. ಚಳಿಗಾಲದಲ್ಲಿ ಒಳನಾಡಿನ ಕೆರೆಗಳಿಗೂ ಬರುತ್ತದೆ. ಆಗ ತಲೆ ಬಿಳಿ, ಕಿವಿಯ ಹಿಂದೆ ಕಪ್ಪು ಚುಕ್ಕೆ. ಮರಳುವ ಹೊತ್ತಿಗೆ ತಲೆಯೆಲ್ಲ ಕಂದು. ನನಗೆ ಕುಣಿಯುವುದೊಂದೇ ಬಾಕಿ.

"ಅದಿರಲಿ," ಎಂದ ಮಹಾಂತಯ್ಯ. "ಸಂಕ್ರಾಂತಿಗೆ ಬಂದಾಗ ಜಳಕಾ ಮಾಡಿ ನನ್ನ ಧೋತರ ಉಟ್ಕೊಂಡು ಹೋದ್ಯಲ್ಲ, ಯಾವಾಗ ಕೊಡ್ತಿ?"

ಕುಣಿತ ಅಲ್ಲೇ ನಿಂತಿತು.

ಮನೆಗೆ ಬಂದು ಎರಡನ್ನೂ ಹೇಳಿದೆ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮರುದಿನ ಬಟ್ಟೆಯ ಗಂಟನ್ನು ತಾನೇ ಹೊತ್ತು ಕೆರೆಗೆ ನಡೆದಳು. ಹಿಂದೆ ನಾನು.

"ಆ ಧೋತರ ಈ ಶ್ಯಾಣ್ಯಾನ ಮೈಮ್ಯಾಲ ಬಂದಿತ್ತಂತ ಹೊಳೆವ್ವಾ. ಸುಮ್ಮನ ನಿನ್ನ ಬೈದೆ."

"ಗೊತ್ತಿತ್ರೀ ಅವ್ವಾರ. ಅದರಾಗ ಧಾರವಾಡದ ಅಗಸರ ಗುರುತಿತ್ತು."

"ಮತ್ತ ಅವತ್ತ ಹೇಳಬಾರದ?"

"ಮಾಸ್ತರ್ರು ಮಂದಿ ಧೋತರ ಉಟ್ಟು ಬಂದಾರ ಅಂತ ಹೆಂಗ ಹೇಳಲಿರಿ? ಅಲ್ಲೇ ನಿಂತಿದ್ರು, ಪಾಪ."

ಎದೆಗೆ ಬಂದು ನಾಟಿತು ಆ ಪಾಪ. ತನ್ನ ಅನ್ನ ಹೋಗುವಾಗಲೂ ಅವಳು ಕಾದದ್ದು ನನ್ನ ಮಾನವನ್ನು. ತುಂಬಿದ ಕಣ್ಣು ಕಾಣದಿರಲೆಂದು ನೀರಿನ ಕಡೆ ತಿರುಗಿ, ಹಕ್ಕಿ ಹುಡುಕುವವನಂತೆ ನಿಂತೆ.

"ಅದು ನಿನ್ನೆನ ಹೋತ್ರೀ ಮಾಸ್ತರ," ಎಂದಳು ಹೊಳೆವ್ವ, ಗಂಟು ಬಿಚ್ಚುತ್ತ.