ದೋನ್ಕಾ ನೊರೆ ತೆಗೆದ ಬಾಟಲಿ

ಪ್ಲಮ್ ಹಣ್ಣಿನ ಜಾಮ್ ಕುದಿಸುವಾಗ ನೊರೆ ತೆಗೆಯದವಳನ್ನು ದೋನ್ಕಾ ಹೆಂಗಸೆಂದೇ ಎಣಿಸುತ್ತಿರಲಿಲ್ಲ. ಪಕ್ಕದ ಮನೆಯ ಸ್ತೋಯ್ನಾಳ ಜಾಮನ್ನಂತೂ "ಸೋಪಿನ ನೀರು" ಎಂದು ಅರ್ಧ ಪ್ಲೊವ್‌ದಿವ್ ಊರಿಗೆ ಸಾರಿ ಬಂದಿದ್ದಳು. ಇವಳ ಒಲೆ ಫಳಫಳ, ಕಿಟಕಿ ಫಳಫಳ. ಒಳಗೆ ಕಿಡ್ನಿ ಮಾತ್ರ ಕೆಡುತ್ತಿತ್ತು.

ಅವಳಿಗೆ ಹತ್ತು ವರ್ಷದಿಂದ ಲೂಪಸ್, ಮೈಯೇ ಮೈಯನ್ನು ತಿನ್ನುವ ರೋಗ. ತಿಂಗಳಿಗೊಮ್ಮೆ ಬೆಳಗಿನ ಮೊದಲ ಮೂತ್ರವನ್ನು ಬಾಟಲಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಅದರಲ್ಲಿ ಪ್ರೋಟೀನು ಸೋರಿದರೆ ನೊರೆ ಏಳುತ್ತದೆ, ರೋಗ ಕಿಡ್ನಿ ಮುಟ್ಟಿತೆಂದು ಅರ್ಥ, ಆಗ ಮಾತ್ರೆ ಏರಿಸುತ್ತಾರೆ. ಮಾತ್ರೆ ಏರಿದರೆ ಮುಖ ಕುಂಬಳಕಾಯಿಯಂತೆ ಊದುತ್ತದೆ.

ಏಪ್ರಿಲ್‌ನಲ್ಲಿ ಬಾಟಲಿಯಲ್ಲಿ ದಪ್ಪ ನೊರೆ ನಿಂತಿತು. ಭಯವಾಗಬೇಕಿತ್ತು, ಈ ಮಹಾತಾಯಿಗೆ ನಾಚಿಕೆಯಾಯಿತು! ಚಮಚದಿಂದ ನೊರೆ ತೆಗೆದಳು, ಅರ್ಧ ಚೆಲ್ಲಿ ನಲ್ಲಿ ನೀರು ಬೆರೆಸಿದಳು, ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಸುತ್ತಿ ಒಯ್ದಳು. ಪ್ರಯೋಗಾಲಯದವರು ಅದ್ದಿದ, ಪ್ರೋಟೀನಿದ್ದರೆ ಬಣ್ಣ ಬದಲಿಸುವ ಪಟ್ಟಿ ಮೋಸಹೋಯಿತು. ಡಾಕ್ಟರ್ ಬಲಬಾನೊವಾ ಖುಷಿಯಿಂದ ಮಾತ್ರೆ ಇಳಿಸಿದರು. ಮೂರು ತಿಂಗಳು ಇದೇ ಕಥೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿದ್ದು.

ನಾಲ್ಕನೇ ತಿಂಗಳು ಹೊಸ ಪರೀಕ್ಷೆ ಬಂತು. ಉರಿಯೂತದ ಕಿಡ್ನಿ ಹೊರಬಿಡುವ ಪ್ರೋಟೀನನ್ನು ಅದು ಮೂತ್ರದಲ್ಲಿ ದಿನವೂ ಒಂದೇ ಅಳತೆಯಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ಕಸದೊಂದಿಗೆ ತೂಗಿ ನೋಡುತ್ತದೆ. ನೀರು ಬೆರೆಸಿದರೆ ಎರಡೂ ಒಟ್ಟಿಗೇ ತೆಳುವಾಗುತ್ತವೆ, ಲೆಕ್ಕ ತಪ್ಪುವುದಿಲ್ಲ. ಪ್ರೋಟೀನಿನ ಪಾಲು ದೊಡ್ಡದು, ಕ್ರಿಯಾಟಿನಿನ್ ತೀರಾ ತೆಳು: ದೋನ್ಕಾಳ ಬಣ್ಣ ಬಯಲಾಯಿತು.

"ನೀರು ಹಾಕಿದ್ರಾ?" ಎಂದರು ಡಾಕ್ಟರ್.

"ನೊರೆನೊರೆಯಾಗಿ ಹೇಗೆ ಕೊಡ್ಲಿ ಡಾಕ್ಟ್ರೇ? ನೋಡಿದೋರು ಏನಂದ್ಕೋತಾರೆ?"

"ಅದೇನು ಶೋಕೇಸಲ್ಲಿ ಇಡೋಕಾ ಕೇಳಿದ್ದು? ಏಪ್ರಿಲ್ಲಲ್ಲೇ ಗೊತ್ತಾಗಿದ್ರೆ ಮಾತ್ರೇಲೇ ಮುಗೀತಿತ್ತು. ಈಗ ಸೂಜಿ ಹಾಕಿ ಕಿಡ್ನಿ ಚೂರು ತೆಗೆದು ನೋಡ್ಬೇಕು. ಎಷ್ಟು ಉಳಿಯುತ್ತೋ ನಾನು ಹೇಳಲಾರೆ."

ದೋನ್ಕಾಳಿಗೆ ಜೀವನದಲ್ಲಿ ಮೊದಲ ಸಲ ಭಯವಾಯಿತು.

ಮುಂದಿನ ತಿಂಗಳು ಬಸ್ ನಿಲ್ದಾಣದಲ್ಲಿ ಸ್ತೋಯ್ನಾ ಸಿಕ್ಕಳು. ದೋನ್ಕಾಳ ಮುಖ ಊದಿತ್ತು. ಕೈಯಲ್ಲಿ ಮೂತ್ರದ ಬಾಟಲಿ, ಸುತ್ತ ಕರವಸ್ತ್ರವಿಲ್ಲ.

"ಅಯ್ಯೋ, ಏನೇ ಅದು ಅಷ್ಟೊಂದು ನೊರೆ?"

"ನನ್ನ ಕಿಡ್ನಿ ಕಣೇ," ಎಂದಳು ದೋನ್ಕಾ. "ಸರಿಯಾಗಿ ನೋಡ್ಕೋ. ಈ ಸಲ ಚಮಚ ಮುಟ್ಟಿಸಿಲ್ಲ."