ಗಂಡನ ಅಂಗಿ ತೊಟ್ಟು ಬೆಂಕಿ ಕಾದದ್ದು

ಸ್ವಲ್ಪ ಹತ್ತಿರ ಬನ್ನಿ, ಮೆತ್ತಗೆ ಹೇಳ್ತೀನಿ. ಇದು ನಿಮ್ಮ ಹೊಟ್ಟೆಯೊಳಗೇ ಇರಲಿ. ಸಂತೇಬೆನ್ನೂರು ಸಂತೆಗೆ ಮುಟ್ಟಿತೋ, ಮುಟ್ಟಿಸಿದೋರು ನೀವೇ ಅಂತ ತಿಳಿತೀನಿ.

ಆಗ ಯುದ್ಧದ ಕಾಲ. ಚನ್ನಗಿರಿ ಕಡೆ ಸರ್ಕಾರಿ ಕಾಡಿನಲ್ಲಿ ಬೇಸಿಗೆಗೆ ಬೆಂಕಿ ಕಾಯೋ ಕೆಲಸ ನನ್ನ ಗಂಡನಿಗೆ ಸಿಕ್ಕಿತ್ತು. ಗುಡ್ಡದ ಮೇಲೆ ಕೂತು, ಹೊಗೆ ಕಂಡರೆ ಊರಿಗೆ ಕೇಳೋ ಹಂಗೆ ಕೂಗಬೇಕು, ಅಷ್ಟೇ. ನಮ್ಮ ಒಲೆ ಉರೀತಿದ್ದದ್ದು ಆ ಕೆಲಸದಿಂದಲೇ. ಆದರೆ ಆ ಮಹಾರಾಯ ಕಾಯ್ತಿದ್ದದ್ದು ಹೆಂಡದಂಗಡಿ. ಅವನ ಖಾಕಿ ಅಂಗಿ ತೊಟ್ಟು, ರುಮಾಲು ಸುತ್ತಿ ಗುಡ್ಡ ಕಾಯ್ತಿದ್ದೋಳು ನಾನು. ಫಾರೆಸ್ಟ್ ಗಾರ್ಡಪ್ಪನಿಗೆ ಎಲ್ಲ ಗೊತ್ತಿತ್ತು. ನಮ್ಮ ಕೋಳಿ ತಿಂದು ಸುಮ್ಮನಿದ್ದ.

ಒಂದು ಮಧ್ಯಾಹ್ನ ದೊಡ್ಡ ಸಾಹೇಬರು ಕುದುರೆ ಮೇಲೆ ಬಂದೇಬಿಟ್ಟರು.

"ನಿನ್ನ ಹೆಸರೇನಯ್ಯಾ?"

ದನಿ ಗಡುಸು ಮಾಡಿ ಗಂಡನ ಹೆಸರು ಹೇಳಿದ್ದರೆ ಮುಗೀತಿತ್ತು. ಆದರೆ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿ ಆಗ್ತೈತೆ ಅಂತ ನಮ್ಮವ್ವ ಕಲಿಸಿದ್ದಳು. ಅಂಥವನ ಆಯುಸ್ಸು ಉಳಿಸಾಕೆ ಬಾಯಿ ಬಿಗಿದು ನಿಂತೆ. ಸಾಹೇಬರು ಇನ್ನೆರಡು ಸಲ ಕೇಳಿದರು.

ಗಾರ್ಡಪ್ಪ ಬೆವರು ಒರೆಸ್ಕೊಂಡು, "ಇವನಿಗೆ ಮಾತು ಬರಲ್ಲ, ಮಹಾಸ್ವಾಮಿ" ಅಂದ.

"ಬೆಂಕಿ ಬಿದ್ದರೆ ಕೂಗೋ ಕೆಲಸಕ್ಕೆ ಮೂಗನನ್ನ ಇಟ್ಟಿದ್ದೀಯೇನಯ್ಯಾ?" ಅಂದ ಸಾಹೇಬರು ಅಲ್ಲೇ ನನ್ನ ಗಂಡನನ್ನ ಕೆಲಸದಿಂದ ತೆಗೆದು ಹಾಕಿದರು.

ಮನೆಗೆ ಬಂದು ಪಕ್ಕದ ಮನೆ ಗಂಗಮ್ಮನ ಮುಂದೆ ನಡೆದದ್ದೆಲ್ಲ ಹೇಳ್ಕೊಂಡು ಅತ್ತೆ. ಆಕೆ ಅಕ್ಕಿ ಆರಿಸೋದು ಬಿಡದೆ ನನ್ನ ಮುಖಕ್ಕೇ ಅಂದಳು: "ಊರ ಗಂಡಸರ ಹೆಸರೆಲ್ಲ ನಿನ್ನ ಬಾಯಾಗೆ ದಿನಾ ಕುಣೀತಾವೆ. ಕಟ್ಕೊಂಡೋನ ಹೆಸರೊಂದು ಹೊರಗೆ ಬರಾಕೆ ಆಗಲಿಲ್ಲೇನೇ?"