ಹುರುಳಿ ಹರಡಿದ ರಸ್ತೆ, ಮಳೆ ಬಿದ್ದ ಟ್ರ್ಯಾಕು

ಅಜ್ಜಿ ರಾಜಲಕ್ಷ್ಮಮ್ಮ ನಲವತ್ತು ವರ್ಷ ಊರವರ ರವಿಕೆ ಹೊಲಿದ ಮೇಜಿನ ಮೇಲೆ ಈಗ ಸ್ಟೇರಿಂಗ್ ಕೂತಿದೆ. ಹೊಲಿಗೆ ಮಿಷನ್ನು ಅಟ್ಟ ಸೇರಿತು. ಕಾಲಲ್ಲಿ ತುಳಿಯುತ್ತಿದ್ದ ಜಾಗದಲ್ಲಿ ಬ್ರೇಕು ಮತ್ತು ಆಕ್ಸಿಲರೇಟರ್ ಪೆಡಲುಗಳನ್ನು ತಂತಿ ಸುತ್ತಿ ಬಿಗಿದಿದ್ದಾರೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಪ್ಪತ್ತಾರು ವರ್ಷದ ಲೋಹಿತಾ ಇದರ ಮುಂದೆ ಕೂತರೆ, ಕಂಪ್ಯೂಟರಿನ ರೇಸಿನ ಆಟದಲ್ಲಿ ಎಲ್ಲೆಲ್ಲಿಯವರದೋ ಮೂವತ್ತು ಕಾರುಗಳ ಜೊತೆ ಅವಳದೂ ಓಡುತ್ತದೆ.

"ಕೂತಲ್ಲೇ ಕೂತಿದ್ದೀಯ, ಎಲ್ಲಿಗೆ ಹೋಗ್ಬಂದೆ ಅಂತ ಇಷ್ಟ್ ಬೆವ್ತಿದ್ದೀಯೇ?" ಎಂದು ಅಜ್ಜಿ ಪ್ರತಿವಾರ ಕೇಳುತ್ತಾರೆ.

ಉಳಿದ ಆರು ದಿನ ಲೋಹಿತಾಗೆ ಮಧುಗಿರಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ. ಲೈಸೆನ್ಸ್ ಪರೀಕ್ಷೆಗೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕಲ್ಲ, ಅದಕ್ಕೆ ಅಲ್ಲೊಂದು ಸುಲಭದ ದಾರಿ ಇದೆ. ಮೈದಾನದಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ಇಡುತ್ತಾರೆ. ಮೊದಲ ಕಲ್ಲು ಕಿಟಕಿಗೆ ಬಂದಾಗ ಒಂದೂವರೆ ಸುತ್ತು ಬಲಕ್ಕೆ, ಎರಡನೆಯದು ಕನ್ನಡಿಯಲ್ಲಿ ಕಂಡಾಗ ಪೂರ್ತಿ ಎಡಕ್ಕೆ. ಹತ್ತು ದಿನದಲ್ಲಿ ಬಾಯಿಪಾಠವಾಗುತ್ತದೆ. ಲೋಹಿತಾ ಕಲಿತದ್ದೂ ಹೀಗೆಯೇ, ಕಲಿಸುವುದೂ ಹೀಗೆಯೇ.

ರೇಸಿಗೂ ಅವಳು ಅದೇ ಪಾಠ ಒಯ್ದಿದ್ದಳು. ಟ್ರ್ಯಾಕಿನ ಪಕ್ಕದ ಯಾವ ಬೋರ್ಡಿನ ಬಳಿ ಬ್ರೇಕು, ಯಾವ ತಿರುವಿಗೆ ಎಷ್ಟನೇ ಗೇರು, ಟೈರಿಗೆ ಎಷ್ಟು ಗಾಳಿ, ಸ್ಪ್ರಿಂಗ್ ಎಷ್ಟು ಗಟ್ಟಿ, ಕಾರಿನ ಹಿಂದಿನ ರೆಕ್ಕೆ ಎಷ್ಟು ಎತ್ತರ ಎಲ್ಲವೂ ನೋಟ್‌ಬುಕ್ಕಿನಲ್ಲಿತ್ತು. ಒಣ ಟ್ರ್ಯಾಕಿನಲ್ಲಿ ಅವಳನ್ನು ಹಿಡಿಯುವುದು ಕಷ್ಟ. ಆದರೆ ಆಟದಲ್ಲೂ ಬಿಸಿಲು ಏರುತ್ತದೆ, ಮಳೆ ಸುರಿಯುತ್ತದೆ. ಡಿಸೆಂಬರಿನ ರೇಸಿನಲ್ಲಿ ನಲವತ್ತನೇ ನಿಮಿಷಕ್ಕೆ ಹನಿ ಶುರುವಾಯಿತು. ಅವಳು ಅದೇ ಬೋರ್ಡಿನ ಬಳಿ ಅದೇ ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ, ಸೀದಾ ಗೋಡೆಗೆ ಹೋಯಿತು.

ಅವಳು ಆಡುವ ತಂಡದ ನಾಯಕ ರಂಗನಾಥ. ಶಿರಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು. ಬೈಯುವ ಮನುಷ್ಯನಲ್ಲ. ಈ ಸರಣಿಯ ಕೊನೆಯ ರೇಸು ಜನವರಿಯಲ್ಲಿ, ಅದೇ ಟ್ರ್ಯಾಕಿನಲ್ಲಿ, ಎರಡು ಗಂಟೆಯದು, ಒಂದೇ ಕಾರನ್ನು ಇಬ್ಬರು ಒಂದೊಂದು ಗಂಟೆ ಓಡಿಸಬೇಕು, ಆಟದ ಮುನ್ಸೂಚನೆಯಂತೆ ಮಳೆ ಬರುವುದು ಬಹುತೇಕ ಖಚಿತ ಎಂದು ತಿಳಿಸಿದ. ಅದರಲ್ಲಿ ಮೊದಲ ಹತ್ತರೊಳಗೆ ಬಂದರೆ ಮುಂದಿನ ಸರಣಿಗೂ ತಂಡದ ಎರಡನೇ ಸೀಟು ಅವಳದೇ. ಇಲ್ಲದಿದ್ದರೆ ಹುಬ್ಬಳ್ಳಿಯ ಒಬ್ಬ ಹುಡುಗ ಕಾಯುತ್ತಿದ್ದಾನೆ ಎಂದ. ಮೂರು ವರ್ಷ ಒಬ್ಬಳೇ ಆಡಿ, ಕಷ್ಟಪಟ್ಟು ಸಿಕ್ಕ ಸೀಟು ಅದು.

ರೇಸಿಗೆ ಇನ್ನು ಹನ್ನೆರಡು ದಿನ ಇರುವಾಗ ಸ್ಕೂಲಿನ ಕಾರು ಕೊಡಿಗೇನಹಳ್ಳಿ ರಸ್ತೆಗೆ ಹೊರಟಿತು. ಸ್ಟೇರಿಂಗ್ ಹಿಡಿದಿದ್ದವರು ಜಗದಾಂಬ, ಲೈಸೆನ್ಸಿಗೆಂದು ಕಲಿಯುತ್ತಿದ್ದ ನಲವತ್ತೆಂಟು ವರ್ಷದ ಅಂಗನವಾಡಿ ಟೀಚರ್. ಪಕ್ಕದಲ್ಲಿ ಲೋಹಿತಾ. ಹಿಂದಿನ ಸೀಟಿನಲ್ಲಿ ಓಬಳಯ್ಯ. ಪಾವಗಡದ ಕಡೆಗೆ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿ, ಈಗ ಹೊತ್ತು ಹೋಗದೆ ಸ್ಕೂಲಿಗೆ ಬರುವವರು.

ಊರು ದಾಟಿದ ಮೇಲೆ ಟಾರು ಕಾಣಲಿಲ್ಲ. ರೈತರು ಹುರುಳಿ ಗಿಡ ಕಿತ್ತು ರಸ್ತೆ ತುಂಬ ಹರಡಿದ್ದರು, ಬಸ್ಸು ಲಾರಿ ಹಾಯ್ದು ಕಾಳು ಉದುರಲೆಂದು. ಜಗದಾಂಬ ಗಾಬರಿಯಾಗಿ ಬ್ರೇಕ್ ಒತ್ತಿದರು. ಕಾರು ನಿಧಾನಕ್ಕೇ ಹೋಗುತ್ತಿತ್ತು, ಆದರೂ ಮೂಗು ಒಂದು ಕಡೆ, ಬಾಲ ಒಂದು ಕಡೆಯಾಗಿ ಜಾರಿ ನಿಂತಿತು.

ಹುರುಳಿ ಹುಲ್ಲು ತಿರುವುತ್ತಿದ್ದ ಗೌರಕ್ಕ ಎಂಬ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನೋಡಿದಳು. "ಏನ್ ಕಣಮ್ಮ, ತುಳಿಯಕ್ಕೆ ಬಂದ್ಯೋ, ಮಲಗಕ್ಕೆ ಬಂದ್ಯೋ?"

"ಮೇಡಂ, ಇಲ್ಲಿ ಕಲ್ಲೇ ಇಲ್ವಲ್ಲ, ಎಲ್ಲಿ ನೋಡ್ಲಿ?" ಎಂದರು ಜಗದಾಂಬ.

ಓಬಳಯ್ಯ ಹಿಂದಿನಿಂದ ಮುಂದಕ್ಕೆ ಬಾಗಿದರು. "ಎಲ್ಲಾ ಗಾಡಿ ಹೋಗಿರೋ ಜಾಡು ನೋಡಿ ಹೆಂಗೆ ಹೊಳೀತದೆ. ಚಕ್ರ ತುಳ್ದು ತುಳ್ದು ಗಾಜಾಗ್ಬುಟ್ಟೈತೆ. ಅಂಚಲ್ಲಿ ಹುಲ್ಲು ಇನ್ನೂ ಒರಟು. ಒಂದ್ ಚಕ್ರ ಅಲ್ಲಿಗ್ ಹಾಕಿ, ಬ್ರೇಕ್ ಮರ್ತ್ಬುಡಿ. ನಾಳೆ ಇದನ್ನೆಲ್ಲ ಗುಡಿಸ್ತಾರೆ, ಆಗ ನಡುಮಧ್ಯನೇ ಹೋಗಿ, ಯಾರ್ ಬೇಡ ಅಂತಾರೆ?"

ಜಗದಾಂಬ ಎಡಗಡೆ ಚಕ್ರವನ್ನು ಅಂಚಿಗೆ ಸರಿಸಿದರು. ಕಾರು ನೆಟ್ಟಗೆ ಹೋಯಿತು. ಲೋಹಿತಾ ಆ ಹೊಳೆಯುವ ಜಾಡನ್ನು ತಿರುತಿರುಗಿ ನೋಡುತ್ತಲೇ ಇದ್ದಳು. ರೇಸಿನ ಟ್ರ್ಯಾಕಿನಲ್ಲೂ ಎಲ್ಲ ಕಾರು ಒಂದೇ ಜಾಡಿನಲ್ಲಿ ಓಡಿ ಟೈರಿನ ರಬ್ಬರು ಮೆತ್ತಿರುತ್ತದೆ. ಒಣಗಿದ್ದಾಗ ಹಿಡಿತ ಅಲ್ಲೇ. ನೀರು ಬಿದ್ದ ಕೂಡಲೇ ಅದೇ ಜಾರುಬಂಡೆ.

ಆ ಸಂಜೆಯಿಂದ ಅವಳು ನೋಟ್‌ಬುಕ್ ಮುಚ್ಚಿಟ್ಟು ಅಭ್ಯಾಸ ಮಾಡಿದಳು. ಆಟದಲ್ಲಿ ಮಳೆ ಹಾಕಿಕೊಂಡು ತಿರುವುಗಳ ಹೊರ ಅಂಚಿನಲ್ಲಿ ಓಡಿಸಿದಳು. ಮೊದಲೆರಡು ದಿನ ಎಷ್ಟು ಸಲ ಟ್ರ್ಯಾಕು ಬಿಟ್ಟು ಹುಲ್ಲಿಗೆ ಇಳಿದಳೋ ಲೆಕ್ಕವಿಲ್ಲ. ಸ್ಪ್ರಿಂಗ್ ಮೆದು ಮಾಡಿದಳು, ಕಾರನ್ನು ನೆಲದಿಂದ ತುಸು ಮೇಲೆತ್ತಿದಳು, ನೆಲಕ್ಕೆ ಒತ್ತಿ ಹಿಡಿಯಲೆಂದು ಹಿಂದಿನ ರೆಕ್ಕೆ ಏರಿಸಿದಳು. ಓಟದ ನಡುವೆ ಈ ಸೆಟಪ್ ಬದಲಿಸುವಂತಿಲ್ಲ, ಮೊದಲೇ ತೀರ್ಮಾನಿಸಬೇಕು. ರಂಗನಾಥನಿಗೆ ಇದು ಹಿಡಿಸಲಿಲ್ಲ. ಒಣ ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ಅರ್ಧ ಸೆಕೆಂಡು ಹೋಗುತ್ತದೆ ಎಂದ. ಮೊದಲ ಗಂಟೆ ಓಡಿಸುವವನು ಅವನು, ನಷ್ಟ ಅವನದು.

"ಅರ್ಧ ಸೆಕೆಂಡು ಹೋಗ್ಲಿ ರಂಗಣ್ಣ. ಗೋಡೆಗೆ ಹೊಡೆದ್ರೆ ಪೂರ್ತಿ ಹೋಗುತ್ತೆ," ಎಂದಳು ಲೋಹಿತಾ.

ಹೆಡ್‌ಫೋನಿನಲ್ಲಿ ರಂಗನಾಥನ ದನಿ ಬಂತು. "ಚಲ್, ನಿಂದೇ ಸೆಟಪ್ಪು. ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿನೂ ನಿಂದೇ," ಎಂದ.

ರೇಸಿನ ಭಾನುವಾರ, ಮೊದಲ ಗಂಟೆ ಮುಗಿಸಿ ಅವನು ಕಾರು ಒಪ್ಪಿಸುವಾಗ ಹದಿನೇಳನೇ ಸ್ಥಾನ. ಅವಳು ಟೈರು ಬದಲಿಸುವ ಪಿಟ್ಟಿನಿಂದ ಹೊರಬಂದ ಎಂಟನೇ ನಿಮಿಷಕ್ಕೆ ಮಳೆ ಬಿತ್ತು. ಮಳೆ ಟೈರು ಹಾಕಿಸಿಕೊಂಡು ಬಂದಳು, ಓಡಿಸುತ್ತಲೇ ಬದಲಿಸಬಹುದಾದ ಬ್ರೇಕಿನ ಒತ್ತಡವನ್ನು ಸ್ವಲ್ಪ ಹಿಂದಿನ ಚಕ್ರಕ್ಕೆ ದೂಡಿದಳು, ಬೋರ್ಡುಗಳನ್ನು ನೋಡುವುದನ್ನೇ ಬಿಟ್ಟಳು. ಮುಂದಿನವರು ಹೊಳೆಯುವ ಜಾಡಿನಲ್ಲಿ ಗಿರಗಿರ ತಿರುಗುತ್ತಿದ್ದರು. ಅವಳು ಅಂಚು ಹಿಡಿದು ಒಬ್ಬೊಬ್ಬರನ್ನೇ ದಾಟಿದಳು. ಡಿಸೆಂಬರಿನಲ್ಲಿ ಹೊಡೆದಿದ್ದ ಗೋಡೆ ಎರಡು ಅಡಿ ದೂರದಲ್ಲಿ ಹಾದುಹೋಯಿತು. ಹದಿಮೂರು, ಹತ್ತು, ಆರು.

ಕೊನೆಯ ಹದಿನೈದು ನಿಮಿಷ ಮಳೆ ನಿಂತಿತು. ಕಾರುಗಳು ಹಾಯ್ದಲ್ಲಿ ನೀರು ಚದುರಿ ಕಪ್ಪು ಗೆರೆಯೊಂದು ಒಣಗತೊಡಗಿತು. ರಸ್ತೆ ಗುಡಿಸಿದ್ದಾರೆ ಎಂದುಕೊಂಡು ಅವಳು ಮತ್ತೆ ಟೈರು ಬದಲಿಸಿ ಮಧ್ಯಕ್ಕೆ ಬಂದಳು. ಎತ್ತರಿಸಿದ ರೆಕ್ಕೆ ಈಗ ನೇರ ದಾರಿಯಲ್ಲಿ ವೇಗ ತಿಂದಿತು, ಮೂವರು ಮುಂದೆ ಹೋದರು. ಅವಳು ತಡೆಯಲು ಹೋಗಲಿಲ್ಲ. ಮುಗಿದಾಗ ಒಂಬತ್ತನೇ ಸ್ಥಾನ.

ಸೋಮವಾರ ಬೆಳಿಗ್ಗೆ ಫೋನಿಗೆ ರಂಗನಾಥನಿಂದ ಮುಂದಿನ ಸರಣಿಯ ತಂಡದ ಪಟ್ಟಿ ಬಂತು. ಎರಡನೇ ಸೀಟಿನ ಎದುರು ಅವಳ ಹೆಸರಿತ್ತು. ಕೆಳಗೆ ಇನ್ನೊಂದು ಸಾಲು: ಎಲ್ಲ ರೇಸಿಗೂ ಸೆಟಪ್ ಲೋಹಿತಾ.

ಸ್ಕೂಲಿನ ಮೈದಾನದಲ್ಲಿ ರೇಸಿನ ಕತೆ ಹೇಳಿ ಫೋನನ್ನು ಓಬಳಯ್ಯನವರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು. "ಗಾಡಿಗೆ ಏಟು ಬೀಳ್ಲಿಲ್ಲ ತಾನೇ?"

"ಇಲ್ಲ ಓಬಳಯ್ಯಣ್ಣ."

"ಅಂಗಾದ್ರೆ ಡ್ರೈವರ್ ಕಣಮ್ಮ ನೀನು."

ಜಗದಾಂಬ ಕಾರಿನಲ್ಲಿ ಕೂತು ಕಾಯುತ್ತಿದ್ದರು. ಲೋಹಿತಾ ಸುಣ್ಣದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬೇವಿನ ಮರದ ಬುಡಕ್ಕೆ ಹಾಕಿ ಬಂದು, ಅವರ ಪಕ್ಕ ಕೂತಳು.

"ಅಯ್ಯೋ ಮೇಡಂ, ಪರೀಕ್ಷೆ ಗುರುವಾರ," ಎಂದರು ಜಗದಾಂಬ.

"ಗೊತ್ತು. ಸ್ಟಾರ್ಟ್ ಮಾಡಿ," ಎಂದಳು ಲೋಹಿತಾ.